ಹೆಬ್ಬೆರಳಿನ ಹಳದಿ

2007ರ ಫೆಬ್ರುವರಿಯ ಎರಡನೇ ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ, ಹಿಂದೂಪುರದ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ, ರೇಷ್ಮೆಗೆ ಬಣ್ಣ ಹಾಕುವವರೊಬ್ಬರ ಎಡಗೈ ಹೆಬ್ಬೆರಳನ್ನು ಒರೆಸಿದ ಹತ್ತಿ, ನೀಲಿಯಾಗಿ ಹೊಳೆಯುತ್ತಿದ್ದ ಕಾಗದದ ಮೇಲೆ ಕಪ್ಪು ಕಲೆ ಮೂಡಿಸಿತು. ಸ್ಫೋಟಕ ಮುಟ್ಟಿದ ಕೈಯನ್ನು ಗುರುತಿಸಲೆಂದು ಮಾಡಿದ ಕಾಗದ ಅದು. ಒಬ್ಬ ಸರ್ಕಲ್ ಇನ್‌ಸ್ಪೆಕ್ಟರ್, ಇಬ್ಬರು ಕಾನ್‌ಸ್ಟೇಬಲ್‌ಗಳು, ಕಾಗದವನ್ನು ಮಾಡಿದ ಮೇಷ್ಟರು ಮತ್ತು ನಾನು ಅಲ್ಲಿದ್ದೆವು. ಕಾನ್‌ಸ್ಟೇಬಲ್‌ಗಳಲ್ಲಿ ಒಬ್ಬರು ತಮ್ಮ ಪುಸ್ತಕದಲ್ಲಿ ಬಣ್ಣದವರ ಹೆಸರು, ಅವರ ತಂದೆಯ ಹೆಸರು, ಮನೆಯ ನಂಬರು ಬರೆದು, ಮುಂದೆ ‘ಪಾಸಿಟಿವ್’ ಎಂದು ಸೇರಿಸಿದರು.

ನಾನು ಆಗ ಒಂದು ಕನ್ನಡ ಪತ್ರಿಕೆಗೆ ಹಿಂದೂಪುರದಿಂದ ಸುದ್ದಿ ಕಳಿಸುತ್ತಿದ್ದೆ. ನಾಡಬಾಂಬು ಸಿಕ್ಕಿತು, ಸಿಡಿಯಿತು, ಯಾರದೋ ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟಿದ್ದು ಪತ್ತೆಯಾಯಿತು ಎಂಬ ಸುದ್ದಿ ಜಿಲ್ಲೆಯ ಯಾವುದಾದರೂ ಮೂಲೆಯಿಂದ ಬರುತ್ತಲೇ ಇರುತ್ತಿತ್ತು. ಅದನ್ನು ಬರೆದೂ ಬರೆದೂ ನನಗೆ ವಾಕ್ಯಗಳು ಬಾಯಿಪಾಠವಾಗಿದ್ದವು. ಊರಿನ ಹೆಸರು ಬದಲಿಸಿದರೆ ಹಳೆಯ ಸುದ್ದಿಯೇ ಹೊಸದಾಗುತ್ತಿತ್ತು. ಹಾಗಾಗಿ, ನಮ್ಮ ಬೀದಿಯಲ್ಲೇ ಇದ್ದ ರಸಾಯನಶಾಸ್ತ್ರದ ಮೇಷ್ಟರು ಬಾಂಬಿನ ಮದ್ದನ್ನು ಪತ್ತೆ ಮಾಡುವ ಕಾಗದ ತಯಾರಿಸಿದ್ದಾರೆ ಎಂದು ಗೊತ್ತಾದಾಗ, ಬರೆಯಲು ಬೇರೆ ಏನೋ ಸಿಕ್ಕಿತೆಂದು ಜನವರಿಯಲ್ಲಿ ಬರೆದುಬಿಟ್ಟೆ. ‘ಬಾಂಬು ಮುಟ್ಟಿದ ಕೈ ಹಿಡಿಯುವ ಕಾಗದ’ ಎಂದು ಶೀರ್ಷಿಕೆ ಕೊಟ್ಟವರು ಬೆಂಗಳೂರಿನ ಡೆಸ್ಕಿನವರು. ಒಳಗಿನ ವಾಕ್ಯಗಳು ನನ್ನವು. ಆ ಸುದ್ದಿ ಓದಿಯೇ ಇನ್‌ಸ್ಪೆಕ್ಟರು ಕಾಗದ ನೋಡಲು ಬಂದದ್ದು.

ಮೇಷ್ಟರಿಗೆ ಆಗ ನಲವತ್ತಾರು ವರ್ಷ. ಕಾಲೇಜಿನಲ್ಲಿ ಪಾಠ ಮಾಡಿಕೊಂಡೇ ಡಾಕ್ಟರೇಟಿಗೆಂದು ಏಳು ವರ್ಷಗಳಿಂದ ಇದೊಂದರ ಹಿಂದೆ ಬಿದ್ದಿದ್ದರು. ನನಗೆ ಅವರು ವಿವರಿಸಿದ್ದು ಇಷ್ಟು. ಅವರು ತಯಾರಿಸಿದ ಒಂದು ರಾಸಾಯನಿಕವನ್ನು ಸೋಸುಕಾಗದಕ್ಕೆ ಬಳಿದು ಒಣಗಿಸಿ, ಅಂಗಡಿಗಳಲ್ಲಿ ಖೋಟಾ ನೋಟು ಹಿಡಿಯಲು ಇಟ್ಟಿರುತ್ತಾರಲ್ಲ ಆ ನೇರಳೆ ದೀಪದ ಕೆಳಗೆ ಹಿಡಿದರೆ ಕಾಗದ ನೀಲಿಯಾಗಿ ಹೊಳೆಯುತ್ತದೆ. ಕೆಲವು ಸ್ಫೋಟಕಗಳಲ್ಲಿ ನೈಟ್ರೋ ಎಂಬ ಗುಂಪು ಇರುತ್ತದೆ. ಅದು ತಾಗಿದ ಜಾಗದಲ್ಲಿ ಹೊಳಪು ಆರಿಹೋಗುತ್ತದೆ. ಕೈಯನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ ಆ ಹತ್ತಿಯನ್ನು ಕಾಗದಕ್ಕೆ ಒತ್ತಿದರೆ ಸಾಕು. ಆರಿದರೆ ಕೈಯಲ್ಲಿ ಮದ್ದಿದೆ, ಹೊಳೆದರೆ ಇಲ್ಲ.

ಹಿಂದೂಪುರದ ಕೈಗಳಲ್ಲಿ ಏನೇನು ಇರಬಹುದೋ ಎಲ್ಲವನ್ನೂ ಅವರು ಮೊದಲೇ ಪರೀಕ್ಷಿಸಿದ್ದರು. ರಾಗಿ ಹಿಟ್ಟು, ಕೊಬ್ಬರಿ ಎಣ್ಣೆ, ಸುಣ್ಣ, ಹೊಗೆಸೊಪ್ಪು, ಕುಂಕುಮ, ಸೀಮೆಎಣ್ಣೆ. ಪಟ್ಟಿಯಲ್ಲಿ ಅರಿಶಿನವೂ ಇತ್ತು. ಅರಿಶಿನ ಆ ದೀಪದ ಕೆಳಗೆ ತಾನೇ ಹಸಿರು ಹಳದಿಯಾಗಿ ಬೆಳಗುತ್ತದೆ ಎಂದು ತೋರಿಸಿ ಮಗುವಿನ ಹಾಗೆ ನಕ್ಕಿದ್ದರು.

ಬಣ್ಣದವರ ಕೆಲಸದ ಜಾಗ ಕಾಲೇಜಿನ ಎದುರಿಗೇ ಇತ್ತು. ಶೀಟು ಹೊದಿಸಿದ ಉದ್ದನೆಯ ಕೊಟ್ಟಿಗೆ, ಮೂರು ಒಲೆ, ತಾಮ್ರದ ಹಂಡೆಗಳು, ರೇಷ್ಮೆ ನೂಲಿನ ಲಡಿ ಒಣಗಿಸಲು ಬಿದಿರಿನ ಗಳ. ಮೂರು ತಲೆಮಾರಿನ ನೇಕಾರರ ಮನೆ. ಇವರ ಕಾಲಕ್ಕೆ ಮಗ್ಗ ಹೋಗಿ ಬಣ್ಣ ಉಳಿದಿತ್ತು. ಧಾರೆ ಸೀರೆಗೆ ಬೇಕಾಗುವ ನಿಂಬೆ ಹಣ್ಣಿನ ಎಳೆ ಹಳದಿಗೆ ಸುತ್ತಲಿನ ನೇಕಾರರು ಇವರಲ್ಲಿಗೇ ಬರುತ್ತಿದ್ದರು. ಒಂದು ಆರ್ಡರಿನ ರೇಷ್ಮೆ ಒಂದೇ ದಿನ ಬಣ್ಣಕ್ಕೆ ಬೀಳುವುದಿಲ್ಲ. ಸೆರಗಿನದು ಇವತ್ತು, ಒಡಲಿನದು ಹತ್ತು ದಿನ ಬಿಟ್ಟು. ಎರಡೂ ಒಂದೇ ಹಳದಿ ಆಗಬೇಕು. ಅದಕ್ಕೆ ಅವರಲ್ಲಿ ಇದ್ದ ಅಳತೆ ತಮ್ಮ ಎಡಗೈ ಹೆಬ್ಬೆರಳು. ಮೊದಲ ಹಂಡೆ ಸರಿಯಾಗಿ ಬಂದ ದಿನ ಆ ಬೆರಳನ್ನು ಅದರಲ್ಲಿ ಅದ್ದಿ ತೆಗೆಯುತ್ತಿದ್ದರು. ಆಮೇಲೆ ಆರ್ಡರು ಮುಗಿಯುವ ತನಕ ಅದಕ್ಕೆ ಸೋಪು ತಾಗಿಸುತ್ತಿರಲಿಲ್ಲ. ಕೆಲಸ ಮಾಡುವಾಗ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಹೊಸ ಲಡಿಯನ್ನು ಹಿಂಡಿ, ಬಿಸಿಲಿಗೆ ಬಂದು, ಬಟ್ಟೆ ಬಿಚ್ಚಿ ಉಗುರಿನ ಪಕ್ಕ ಹಿಡಿದು ನೋಡುತ್ತಿದ್ದರು. ಉಣ್ಣುವ ಕೈ ಬಲಗೈ, ಆದ್ದರಿಂದ ಎಡಗೈ. ಅವರ ಅಪ್ಪನೂ ಹಾಗೇ ಮಾಡುತ್ತಿದ್ದರಂತೆ.

ಆ ಮಂಗಳವಾರ ಅವರು ಪ್ರಯೋಗಾಲಯಕ್ಕೆ ಬಂದದ್ದು ಕಾಗದ ನೋಡಲಿಕ್ಕಲ್ಲ. ಅವರ ಮಗಳು ಕೋರ್ಟಿನ ಟೈಪಿಸ್ಟ್ ಕೆಲಸಕ್ಕೆ ಆಯ್ಕೆಯಾಗಿದ್ದಳು. ಅವಳ ಸರ್ಟಿಫಿಕೇಟುಗಳ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕಿತ್ತು, ಮೇಷ್ಟರು ಗೆಜೆಟೆಡ್. ಸಹಿಯಾದ ಕಾಗದಗಳು ಪೊಲೀಸ್ ಸ್ಟೇಷನ್ನಿಗೆ ಹೋಗಿ, ಮನೆತನದ ಮೇಲೆ ಯಾವ ಆಕ್ಷೇಪಣೆಯೂ ಇಲ್ಲ ಎಂಬ ವರದಿ ಮಾರ್ಚ್ ಮುಗಿಯುವುದರೊಳಗೆ ಕೋರ್ಟಿಗೆ ಸೇರಬೇಕಿತ್ತು. ಸೇರದಿದ್ದರೆ ಆ ಜಾಗ ಪಟ್ಟಿಯಲ್ಲಿ ಮುಂದಿನವರದು.

ಅವರು ಬಾಗಿಲಲ್ಲಿ ಫೈಲು ಹಿಡಿದು ನಿಂತಾಗ ಒಳಗೆ ಎರಡು ಕೈಗಳ ಪರೀಕ್ಷೆ ಮುಗಿದಿತ್ತು. ನೈಟ್ರೋ ಗುಂಪಿರುವ ಪಿಕ್ರಿಕ್ ಆಮ್ಲ ಮುಟ್ಟಿದ ಮೇಷ್ಟರ ಕೈಗೆ ಕಾಗದ ಆರಿತ್ತು. ಕಾನ್‌ಸ್ಟೇಬಲ್‌ ಒಬ್ಬರ ಕೈಗೆ ಹೊಳೆದಿತ್ತು. ಇನ್‌ಸ್ಪೆಕ್ಟರಿಗೆ ಸಮಾಧಾನವಾಗಿರಲಿಲ್ಲ.

“ಇವೆಲ್ಲಾ ಮನ ಚೇತುಲೇ ಕದಾ ಮಾಸ್ಟಾರೂ,” ಎಂದು ತೆಲುಗಿನಲ್ಲಿ ಅಂದರು. ಎಲ್ಲ ನಮ್ಮ ನಮ್ಮ ಕೈಗಳೇ ಆದವು ಎಂದು. ಆಮೇಲೆ ಕನ್ನಡಕ್ಕೆ ಬಂದು, “ಹೊರಗಡೆಯೋರ್ದು ಒಂದು ಕೈ ನೋಡೋಣ. ಏ, ಬಾರಯ್ಯಾ ಇಲ್ಲಿ, ಕೈ ಕೊಡು,” ಎಂದು ಬಾಗಿಲ ಕಡೆ ಕರೆದರು.

ಬಣ್ಣದವರು ಚಪ್ಪಲಿ ಬಿಟ್ಟು ಒಳಗೆ ಬಂದು ಬಲಗೈ ನೀಡಿದರು. ಕಾಗದ ಹೊಳೆಯಿತು.

“ಎಡಗೈ?”

ಅವರು ಎಡಗೈಯನ್ನು ಫೈಲಿನ ಹಿಂದೆ ಸರಿಸಿಕೊಂಡರು. “ದೊಡ್ಡೋರ ಮುಂದೆ ಎಡಗೈ ಹೆಂಗ್ ಕೊಡ್ಲಿ ಸಾಮೀ? ಬಲಗೈನೇ ಇನ್ನೊಂದ್ ಸಲ ನೋಡ್ಕಳಿ.”

ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ನಾನು ಅದನ್ನು ಗಮನಿಸಿದೆ. ಆ ಕ್ಷಣದವರೆಗೆ ಅದೊಂದು ಆಟವಾಗಿತ್ತು.

ಕೈ ಮುಂದೆ ಬಂತು. ಹೆಬ್ಬೆರಳು ಅಚ್ಚ ಹಳದಿ. ಮೇಷ್ಟರು ಹತ್ತಿ ಅದ್ದುತ್ತಾ, “ಅರಿಶಿನ, ಪರವಾಗಿಲ್ಲ, ಇನ್ನೂ ಚೆನ್ನಾಗಿ ಹೊಳೀತದೆ ನೋಡಿ,” ಎಂದರು. ಅದು ಅರಿಶಿನವೆಂದೇ ನಾನೂ ಅಂದುಕೊಂಡಿದ್ದೆ. ಮದುವೆಯ ತಿಂಗಳು, ಮಗಳ ಕೆಲಸದ ಕಾಗದ ಹಿಡಿದು ಮನೆಯಿಂದ ಹೊರಟಿದ್ದಾರೆ, ಪೂಜೆ ಮಾಡಿಯೇ ಹೊರಟಿರಬೇಕು. ಎದುರಿನ ಕೊಟ್ಟಿಗೆಯಲ್ಲಿ ಅವರು ದಿನವೂ ಬಣ್ಣ ಹಾಕುವುದನ್ನು ನೋಡುತ್ತಿದ್ದ ನಾವಿಬ್ಬರೂ ಹಳದಿ ಬೆರಳನ್ನು ಕಂಡು ಬಣ್ಣ ಎಂದುಕೊಳ್ಳಲಿಲ್ಲ. ನಮ್ಮ ಕಡೆ ಕೈಯಲ್ಲಿ ಹಳದಿ ಕಂಡರೆ ಅದು ಅರಿಶಿನವೇ. ಪಾತ್ರೆಯ ಮೇಲಿರಲಿ, ಹೊಸ್ತಿಲ ಮೇಲಿರಲಿ, ಯಾರೂ ಇನ್ನೊಮ್ಮೆ ನೋಡುವುದಿಲ್ಲ.

ಕಾಗದ ಆರಿತು. ಕಾಳಿನಷ್ಟು ಅಲ್ಲ, ರೂಪಾಯಿ ಅಗಲ.

“ಅದು ಬಣ್ಣ ಸಾಮೀ,” ಎಂದರು ಬಣ್ಣದವರು.

“ಬಣ್ಣ ಆದ್ರೆ ಕಾಗದ ಆರಲ್ಲ,” ಎಂದರು ಮೇಷ್ಟರು.

ಏಳು ವರ್ಷ ಕಾದು ಒಬ್ಬ ಅಧಿಕಾರಿಯ ಮುಂದೆ ಕಾಗದವನ್ನು ನಿಲ್ಲಿಸಿದವರ ಬಾಯಿಂದ ಆ ಮಾತು ತಾನಾಗಿ ಬಂತು. ಕಾನ್‌ಸ್ಟೇಬಲ್‌ ಅದನ್ನೂ ಬರೆದುಕೊಂಡರು. ಆ ಪುಟವನ್ನು ನಾನು ಆಮೇಲೆ ನೋಡಿದ್ದೇನೆ. ಹೆಸರು, ವಿಳಾಸದ ಕೆಳಗೆ ಮೂರು ಸಾಲು ಇದ್ದವು. ಎಡಗೈ ತೋರಿಸಲು ಹಿಂಜರಿದರು. ಪಾಸಿಟಿವ್. ಬಣ್ಣದಿಂದ ಹೀಗಾಗುವುದಿಲ್ಲ ಎಂದು ಉಪನ್ಯಾಸಕರು ತಿಳಿಸಿದರು.

ಮೂರೂ ನಡೆದದ್ದೇ. ಬರೆದವರ ಮೇಲೆ ನಾನು ತಪ್ಪು ಹೊರಿಸಲಾರೆ.

ಮಧ್ಯಾಹ್ನ ಪೊಲೀಸರಿಬ್ಬರು ಬಂದು ಕೊಟ್ಟಿಗೆ ನೋಡಿದರು. ಹಳದಿ ಪುಡಿಯ ಡಬ್ಬ ಒಂದನ್ನು ಅರಕ್ಕಿನ ಮುದ್ರೆ ಹಾಕಿ ತೆಗೆದುಕೊಂಡು ಹೋದರು. ಅದು ಪೊಲೀಸ್ ಇಲಾಖೆಯ ದೊಡ್ಡ ಪ್ರಯೋಗಾಲಯಕ್ಕೆ ಹೋಗಿ ವರದಿ ಬರುವವರೆಗೆ ಮಗಳ ಕಾಗದ ಮುಂದಕ್ಕೆ ಹೋಗುವುದಿಲ್ಲ ಎಂದು ತಿಳಿಸಿದರು. ಬಂಧಿಸಲಿಲ್ಲ, ಗದರಿಸಲೂ ಇಲ್ಲ. ಒಂದು ಲೋಟ ಮಜ್ಜಿಗೆ ಕುಡಿದು ಹೋದರಂತೆ.

ನಾನು ಎರಡನೇ ಸುದ್ದಿ ಕಳಿಸಿದೆ. ಹೆಸರು ಹಾಕಲಿಲ್ಲ, ಅದು ನಿಯಮ. ‘ಕಾಲೇಜಿನ ಎದುರಿನ ಬಣ್ಣದ ಕೆಲಸಗಾರರೊಬ್ಬರ ಕೈಯಲ್ಲಿ ಕಾಗದ ಆರಿದ್ದು ಕುತೂಹಲ ಮೂಡಿಸಿತು’ ಎಂದು ಬರೆದೆ. ಕಾಲೇಜಿನ ಎದುರು ಬಣ್ಣದ ಕೊಟ್ಟಿಗೆ ಇದ್ದದ್ದು ಒಂದೇ.

ಮೂರು ದಿನಕ್ಕೆ ಚಹಾ ಅಂಗಡಿಯಲ್ಲಿ ಮಾತು ಶುರುವಾಗಿತ್ತು. ಬಣ್ಣದವರು ಬೆಂಚಿನ ತುದಿಯಲ್ಲಿ ಕೂತರೆ ಯಾರೋ ಒಬ್ಬರು ಎದ್ದು ಆ ಕಡೆ ಹೋಗುವರು. “ಏ, ಅಣ್ಣನ ಪಕ್ಕ ಬೀಡಿ ಹಚ್ಚಬ್ಯಾಡ್ರಲಾ, ಸಿಡಿದ್ಬುಟ್ಟಾನು.” ಎಲ್ಲರೂ ನಗುವರು. ಅವರೂ ನಗುವರು. “ಹಚ್ಚು, ಹಚ್ಚು, ನಿನ್ ಮೀಸೆ ಒಂದ್ ಹೋದ್ರೆ ಊರ್ಗೇ ಒಳ್ಳೇದು ಕಣ್ಲಾ,” ಎನ್ನುವರು. ಮನೆಗೆ ಹೋಗುವಾಗ ಮಾತ್ರ ನಮ್ಮ ಬಾಗಿಲಲ್ಲಿ ನಿಲ್ಲುವರು.

“ನಾನೇನ್ ಮಾಡ್ಬುಟ್ನಪ್ಪಾ? ಕೈ ಕೊಡು ಅಂದ್ರು, ಕೊಟ್ಟೆ. ನಾನ್ ಬಣ್ಣದೋನು ಅಂತ ಊರ್ಗೇ ಗೊತ್ತು. ಮೇಷ್ಟ್ರಿಗ್ ಗೊತ್ತಿಲ್ವಾ? ದಿನಾ ಅವರ್ ಕಿಟ್ಕಿ ಮುಂದೇನೇ ಲಡಿ ಒಣಾಕ್ತೀನಿ.”

“ಸ್ಟೇಷನ್ನಿಗೆ ಹೋಗಿ ಹೇಳೋಣ ಅಣ್ಣಾ.”

“ಹೋಗ್ಬಂದೆ. ನಿನ್ನೇನೂ ಹೋಗಿದ್ದೆ. ಬೆಂಚ್ ಮೇಲ್ ಕೂರಸ್ತಾರೆ. ನೀರು ಕೊಡ್ತಾರೆ. ಸಂಜಿಕೆ ನಾಳೆ ಬಾ ಅಂತಾರೆ. ನನ್ ವಿಷ್ಯ ಬುಡು. ಆ ಮಗೀದು ಮಾರ್ಚಿಗ್ ಮುಗ್ದೋಯ್ತದೆ ಕಣಪ್ಪ.”

ನಾನೂ ಅವರ ಜೊತೆ ಹೋದೆ. ಇನ್‌ಸ್ಪೆಕ್ಟರ ಮೇಜಿನ ಮೇಲೆ ಫೈಲುಗಳು ಗದ್ದದ ಮಟ್ಟಕ್ಕಿದ್ದವು. ಅವರ ಕಣ್ಣುಗಳು ನಿದ್ದೆ ಕಂಡಿರಲಿಲ್ಲ. “ನೇನೇಂ ಚೆಯ್ಯಾಲಿ ಚೆಪ್ಪಂಡಿ? ಮೀ ಮಾಸ್ಟಾರೇ ರಂಗು ಕಾದನ್ನಾರು,” ಎಂದರು. ನಾನೇನು ಮಾಡಲಿ, ಬಣ್ಣವಲ್ಲ ಎಂದದ್ದು ನಿಮ್ಮ ಮೇಷ್ಟರೇ. ಅವರೇ ಅದನ್ನು ಬರೆದು ತಿದ್ದಿದರೆ ಫೈಲಿಗೆ ಹಾಕುತ್ತೇನೆ, ಇಲ್ಲವಾದರೆ ಡಬ್ಬದ ವರದಿ ಬರಲಿ. ಎರಡರಲ್ಲಿ ಒಂದು ಇಲ್ಲದೆ ನನ್ನ ಪೆನ್ನು ಏಳುವುದಿಲ್ಲ. ಇಷ್ಟು ಹೇಳಿ ಮುಂದಿನ ಫೈಲು ತೆಗೆದರು.

ಮೇಷ್ಟರನ್ನು ಕಾಲೇಜಿನಲ್ಲಿ ಕಂಡು ಇದನ್ನು ತಿಳಿಸಿದೆ. ಅವರು ಬೋರ್ಡು ಒರೆಸುತ್ತಿದ್ದರು. ಒರೆಸುತ್ತಲೇ ಇದ್ದರು.

“ಕಾಗದ ಸುಳ್ಳು ಹೇಳಿಲ್ಲ,” ಎಂದರು. “ಅದ್ರಲ್ಲಿ ನೈಟ್ರೋ ಇದ್ದಿದ್ದಕ್ಕೇ ಆರಿದೆ.”

“ಅಂದ್ರೆ ಅವರು ಮದ್ದು ಮುಟ್ಟಿದ್ದಾರೆ ಅಂತೀರಾ?”

“ನಾನ್ ಹಂಗೆಲ್ಲಿ ಹೇಳ್ದೆ?”

“ಪುಸ್ತಕದಲ್ಲಿ ಹಾಗೇ ಇದೆ.”

ಅವರು ಕಿಟಕಿಯ ಕಡೆ ನೋಡಲಿಲ್ಲ. ಎದುರಿನ ಗಳದ ಮೇಲೆ ಅವತ್ತು ಲಡಿಗಳಿರಲಿಲ್ಲ. ಡಬ್ಬ ಹೋದ ಮೇಲೆ ಆ ಆರ್ಡರು ಅರ್ಧಕ್ಕೆ ನಿಂತಿತ್ತು. ಬೇರೆ ಡಬ್ಬದ ಹಳದಿ ಹೆಬ್ಬೆರಳಿಗೆ ಹೊಂದಿರಲಿಲ್ಲ.

ಡಸ್ಟರು ಕೆಳಗಿಟ್ಟು ಮೇಷ್ಟರು ಅಸಲು ಸಂಗತಿಗೆ ಬಂದರು. ಬಣ್ಣಕ್ಕೂ ಕಾಗದ ಆರುತ್ತದೆ ಎಂದು ತಾವೇ ಬರೆದು ಸಹಿ ಮಾಡಿದರೆ, ಕೈ ಗುರುತಿಸುವ ಕಾಗದ ಎಂಬ ತಮ್ಮ ಪ್ರಬಂಧ ಉಳಿಯುವುದಿಲ್ಲ. ಅದರ ನೋಂದಣಿಯ ಅವಧಿಯೂ ಆ ವರ್ಷವೇ ಮುಗಿಯುತ್ತಿತ್ತು. ಅವರ ಮಾರ್ಗದರ್ಶಕರು ಎರಡು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದರಂತೆ: ನಿಜವಾಗಿ ಮದ್ದು ಮುಟ್ಟುವವರ ಕೈ ನೋಡಿಕೊಂಡು ಬಾ. ಅವರು ಹೋಗಿರಲಿಲ್ಲ. ಪಾಠ, ಪರೀಕ್ಷೆ, ಎಲೆಕ್ಷನ್ ಡ್ಯೂಟಿ.

“ಮೊದ್ಲು ಒಂದು ಅಸಲಿ ಕೈ ನೋಡೋಣ,” ಎಂದರು. “ಆ ಕಲೆ ಪಕ್ಕ ಈ ಕಲೆ ಇಟ್ಟು ನೋಡಿದ್ರೆ ವ್ಯತ್ಯಾಸ ಕಾಣಬಹುದು. ಕಂಡ್ರೆ ಕಾಗದಾನೂ ಉಳೀತದೆ, ಅಣ್ಣಾನೂ ಉಳೀತಾನೆ.”

ಮಾರ್ಚ್ ಮೊದಲ ಭಾನುವಾರ ಕಲ್ಯಾಣದುರ್ಗಕ್ಕೆ ಹೊರಟೆವು. ಆರು ಗಂಟೆಯ ಬಸ್ಸು, ಮಡಕಶಿರಾ, ಪಾವಗಡ ಹಾದು ಹೋಗುವಾಗ ಎರಡು ಸಲ ರಾಜ್ಯದ ಗಡಿ ದಾಟುತ್ತದೆ. ಮೇಷ್ಟರ ಮಡಿಲಲ್ಲಿ ಟಿಫಿನ್ ಕ್ಯಾರಿಯರ್ ಇತ್ತು. ಮೇಲಿನ ಡಬ್ಬಿಯಲ್ಲಿ ಚಿತ್ರಾನ್ನ, ಕೆಳಗಿನ ಎರಡರಲ್ಲಿ ಕಾಗದಗಳು. ನೇರಳೆ ದೀಪ ನನ್ನ ಚೀಲದಲ್ಲಿ. ದಾರಿಯುದ್ದಕ್ಕೂ ಅವರು ನಿದ್ದೆ ಮಾಡಿದರು. ಬಿಸಿಲು ಬಿದ್ದ ಮುಖವನ್ನು ಆಚೆ ತಿರುಗಿಸುವಷ್ಟೂ ಎಚ್ಚರವಿರಲಿಲ್ಲ.

ಬೆಳುಗುಪ್ಪದ ದಾರಿಯಲ್ಲಿ ಒಂದು ಜಲ್ಲಿ ಕ್ವಾರಿ. ನನಗೆ ಗೊತ್ತಿದ್ದವರೊಬ್ಬರು ಅಲ್ಲಿ ಬಂಡೆ ಸಿಡಿಸುವ ಬ್ಲಾಸ್ಟರಿಗೆ ಹೇಳಿಟ್ಟಿದ್ದರು. ಐವತ್ತರ ಮನುಷ್ಯ. ಬಾಯಿ ತುಂಬ ಎಲೆಅಡಿಕೆ. ಲೈಸೆನ್ಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಗಿಯ ಜೇಬಿನಲ್ಲಿಟ್ಟಿದ್ದರು. ಅವತ್ತು ಬೆಳಿಗ್ಗೆಯಿಂದ ಬಂಡೆಯ ತೂತುಗಳಿಗೆ ಮದ್ದು ತುಂಬಿ, ಆಗತಾನೇ ಕೈ ಒರೆಸಿಕೊಂಡು ಬಂದಿದ್ದರು.

“ನನ್ ಕೈ ನೋಡಾಕೆ ಹಿಂದೂಪುರದಿಂದ ಬಂದ್ರಾ?” ಎಂದರು. “ನಮ್ ಮನೆಯೋಳೇ ಮೂಸಿ ನೋಡಲ್ಲ ಕಣ್ರೀ ಇದನ್ನ.”

ಕಾಗದದ ಹೊಳಪು ಕಾಣಲು ಕತ್ತಲೆ ಬೇಕು. ಕ್ವಾರಿಯಲ್ಲಿ ಕತ್ತಲೆ ಎಲ್ಲಿಂದ ತರುವುದು? ಕಾವಲುಗಾರನ ಕಂಬಳಿ ತಂದು ಮೇಷ್ಟರೂ ನಾನೂ ತಲೆಯ ಮೇಲೆ ಹೊದ್ದುಕೊಂಡು ದೀಪ ಹಚ್ಚಿದೆವು. ಕುರಿಯ ವಾಸನೆ, ಕಲ್ಲಿನ ಧೂಳು, ಇಬ್ಬರ ಬೆವರು. ಹೊರಗಿನಿಂದ ಬ್ಲಾಸ್ಟರ್ ಹತ್ತಿಯನ್ನು ಒಳಗೆ ಚಾಚುತ್ತಿದ್ದರು. “ಒಳ್ಳೆ ಸೀಮಂತದ್ ಶಾಸ್ತ್ರ ಮಾಡ್ದಂಗ್ ಮಾಡ್ತೀರಲ್ರಪ್ಪಾ. ಎಂಥ ಮಗೂ ಕಂಡ್ತು?”

ಕಾಗದ ಹೊಳೆಯುತ್ತಿತ್ತು.

ಮೇಷ್ಟರು ಇನ್ನೊಂದು ಕಾಗದ ತೆಗೆದರು. ಹೊಳೆಯಿತು. ಉಗುರಿನ ಸಂದಿ ಒರೆಸಿರಿ ಎಂದರು. ಅದಕ್ಕೂ ಹೊಳೆಯಿತು. ಕೊನೆಗೆ ಮದ್ದಿನ ಕಡ್ಡಿಯ ಹೊದಿಕೆಯನ್ನೇ ಒರೆಸಿ ತಂದ ಹತ್ತಿಯನ್ನು ಒತ್ತಿದರು. ಆ ನೀಲಿ ಚೂರೂ ಮಂಕಾಗಲಿಲ್ಲ. ಕಂಬಳಿಯೊಳಗೆ ಅವರ ಮುಖದ ಮೇಲೆ ಆ ಬೆಳಕು ಬಿದ್ದಿತ್ತು. ಅವರು ಕಣ್ಣು ಮುಚ್ಚಿಕೊಂಡಿದ್ದರು.

ಹೊರಗೆ ಬಂದು ಖಾಲಿ ರಟ್ಟಿನ ಪೆಟ್ಟಿಗೆಯ ಮೇಲಿದ್ದ ಚೀಟಿ ಓದಿದರು. ಅಮೋನಿಯಂ ನೈಟ್ರೇಟಿನಿಂದ ಮಾಡಿದ ಮದ್ದು. ಕಾಗದ ಗುರುತಿಸುವುದು ಟಿಎನ್‌ಟಿ, ಪಿಕ್ರಿಕ್ ಆಮ್ಲದಂಥ ಒಂದು ಜಾತಿಯನ್ನು. ಇದು ಬೇರೆ ಜಾತಿ, ಕಾಗದದ ಕಣ್ಣಿಗೆ ಬೀಳುವುದಿಲ್ಲ. ಪುಸ್ತಕದಲ್ಲಿ ಇದು ತಮಗೆ ಗೊತ್ತಿದ್ದ ಸಂಗತಿಯೇ ಎಂದರು. ಕ್ವಾರಿಗಳಲ್ಲಿ ಈಗ ಎಲ್ಲ ಕಡೆ ಇದೇ ಆಗಿದೆ ಎಂಬುದು ಗೊತ್ತಿರಲಿಲ್ಲ.

“ನನ್ ಕೈಯಾಗ್ ಏನೂ ಇಲ್ಲ ಅಂತ ಬಂತಾ?” ಬ್ಲಾಸ್ಟರ್ ಕೇಳಿದರು. “ಮೂವತ್ತೊರ್ಷ ಬಂಡೆ ಸಿಡಿಸೀವ್ನಿ. ಹಂಗಾದ್ರೆ ಅದನ್ನೇ ಒಂದ್ ಸರ್ಟಿಫಿಕೇಟ್ ಬರ್ಕೊಡಿ ಮೇಷ್ಟ್ರೇ. ವರ್ಷಾವರ್ಷ ಲೈಸೆನ್ಸಿಗ್ ಅಲೆಯೋದ್ ತಪ್ತದೆ.”

ಅವರು ನಕ್ಕರು. ನಾವು ಚಿತ್ರಾನ್ನ ಹಂಚಿಕೊಂಡು ತಿಂದೆವು. ಮೂವರೂ ಚೆನ್ನಾಗಿ ಕೈ ತೊಳೆದುಕೊಂಡೇ ತಿಂದೆವು.

ಹಿಂದಿರುಗುವ ಬಸ್ಸಿನಲ್ಲಿ ಜಾಗವಿರಲಿಲ್ಲ. ಪಾವಗಡದವರೆಗೆ ನಿಂತೇ ಬಂದೆವು. ಆಮೇಲೆ ಸೀಟು ಸಿಕ್ಕಿತು. ಮಡಕಶಿರಾ ಹತ್ತಿರವಾದಾಗ ಮೇಷ್ಟರು ಅವತ್ತಿನ ಮೊದಲ ಉದ್ದನೆಯ ಮಾತು ಆಡಿದರು.

“ಏಳು ವರ್ಷ ಮದ್ದು ಮುಟ್ಟಿದ ಕೈ ನೋಡ್ತಿದೀನಿ ಅಂದ್ಕೊಂಡಿದ್ದೆ. ಎಲ್ಲಾ ಸಲಾನೂ ಅದು ನಂದೇ ಕೈ. ನಾನೇ ಪಿಕ್ರಿಕ್ ಆಸಿಡ್ ಸವರ್ಕೊಳ್ಳೋದು, ನಾನೇ ಒರೆಸ್ಕೊಳ್ಳೋದು, ನಾನೇ ಆರ್ತು ಅಂತ ಬರ್ಕೊಳ್ಳೋದು.”

ನನ್ನ ಜನವರಿಯ ಸುದ್ದಿಯೂ ಆ ಒಂದು ಕೈಯನ್ನೇ ನಂಬಿ ಬರೆದದ್ದು.

ಮಾರನೆಯ ದಿನ ಕಾಲೇಜು ಬಿಟ್ಟ ಮೇಲೆ ಅವರು ದೀಪ ಹಿಡಿದು ರಸ್ತೆ ದಾಟಿ ಕೊಟ್ಟಿಗೆಗೆ ಹೋದರು. ಏಳು ವರ್ಷದಲ್ಲಿ ಮೊದಲ ಸಲ. ಆ ಹಳದಿಯ ಡಬ್ಬ ಪೊಲೀಸರ ಹತ್ತಿರವಿತ್ತು, ಆದರೆ ಹಂಡೆಯ ಅಂಚಿಗೆ ಬಣ್ಣ ಒಣಗಿ ಅಂಟಿತ್ತು. ಅದನ್ನು ಕೆರೆದು ಸ್ಪಿರಿಟ್ಟಿನಲ್ಲಿ ಕರಗಿಸಿ ಕಾಗದಕ್ಕೆ ತಾಗಿಸಿದರು. ಆರಿತು. ರೇಷ್ಮೆಗೆ ಹಾಕುವ ಹಳದಿ ಬಣ್ಣಗಳಲ್ಲಿ ಕೆಲವು ಇದೇ ನೈಟ್ರೋ ಜಾತಿಯವು ಎಂದು ಎಂ.ಎಸ್ಸಿ.ಯಲ್ಲಿ ಓದಿದ್ದೆ, ಈಗ ಅದನ್ನು ಯಾರೂ ಬಳಸುವುದಿಲ್ಲ ಅಂದುಕೊಂಡಿದ್ದೆ ಎಂದರು ಮೇಷ್ಟರು.

“ನಮಗೆ ಅದ್ರ ಜಾತಿ ಗೊತ್ತಿಲ್ಲ ಮೇಷ್ಟ್ರೇ. ನಿಂಬೆ ಹಳದಿ ಅಂತೀವಿ. ನಮ್ಮಪ್ಪನ ಕಾಲ್ದಿಂದ್ಲೂ ಬತ್ತದೆ,” ಎಂದರು ಬಣ್ಣದವರು. “ಒಂದ್ ಮಾತು ಕೇಳಿದ್ರೆ ಹೇಳ್ತಿದ್ನಲ್ಲಾ. ಕಿಟ್ಕಿಯಿಂದ ಕೂಗಿದ್ರೆ ಕೇಳ್ಸೋ ದೂರ.”

ಮೇಷ್ಟರು ಅಲ್ಲೇ ಲಡಿ ಸುತ್ತುವ ಮಣೆಯ ಮೇಲೆ ಕೂತು ಪತ್ರವನ್ನು ಬಾಯಲ್ಲಿ ಹೇಳಿದರು. ಬಣ್ಣದವರ ಮಗಳು ಬಾಡಿಗೆಗೆ ತಂದಿದ್ದ ಟೈಪ್‌ರೈಟರಿನ ಮುಂದೆ ಕೂತು ಹೊಡೆದಳು. ಕೆಲಸದ ಆದೇಶ ಬರುವವರೆಗೆ ಕೈ ಜಡ್ಡುಗಟ್ಟಬಾರದೆಂದು ದಿನವೂ ಅಭ್ಯಾಸ ಮಾಡುತ್ತಿದ್ದಳು. ಇಂಗ್ಲಿಷಿನ ಪತ್ರ, ಕಾರ್ಬನ್ ಇಟ್ಟು ಮೂರು ಪ್ರತಿ. ಫೆಬ್ರುವರಿಯಲ್ಲಿ ಕಾಗದ ಆರಿದ್ದು ರೇಷ್ಮೆಯ ಬಣ್ಣದಿಂದ. ಬಣ್ಣದಿಂದ ಆರುವುದಿಲ್ಲ ಎಂದು ನಾನು ಹೇಳಿದ್ದು ತಪ್ಪು. ಕ್ವಾರಿಯಲ್ಲಿ ಬಳಸುವ ಮದ್ದು ಮುಟ್ಟಿದ ಕೈಯನ್ನು ಈ ಕಾಗದ ಗುರುತಿಸಲಿಲ್ಲ. ಯಾರ ಮೇಲೂ ಅನುಮಾನಕ್ಕೆ ಇದನ್ನು ಆಧಾರ ಮಾಡಬಾರದು.

ಎರಡನೇ ವಾಕ್ಯಕ್ಕೆ ಅವಳ ಕೈ ನಿಂತಿತು. “ಸಾರ್, ನಿಮ್ದು ತಪ್ಪು ಅನ್ನೋದ್ ಬ್ಯಾಡ. ನಮ್ಮಪ್ಪಂದ್ ತಪ್ಪಿಲ್ಲ ಅಂತಿದ್ರೆ ಸಾಕು.”

“ಅದಿಲ್ದಿದ್ರೆ ಇದು ನಿಲ್ಲಲ್ಲಮ್ಮ. ಹೊಡಿ.”

ಅವಳು ಹೊಡೆದಳು. ಬಣ್ಣದವರು ಒಲೆಯ ಪಕ್ಕ ನಿಂತು ಅಕ್ಷರಗಳ ಸದ್ದು ಕೇಳುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪತ್ರಕ್ಕೆ ಸೀಲು ಬಿದ್ದ ಮೇಲೆ ಹೆಬ್ಬೆರಳಿನ ಬಟ್ಟೆ ಬಿಚ್ಚಿ, ಸೋಪು ತೆಗೆದುಕೊಂಡು ನಲ್ಲಿಯ ಹತ್ತಿರ ಹೋದರು. ಹಳದಿ ಒಂದೇ ಸಲಕ್ಕೆ ಹೋಗಲಿಲ್ಲ.

ಒಂದು ಪ್ರತಿ ಸ್ಟೇಷನ್ನಿಗೆ, ಒಂದು ಬಣ್ಣದವರಿಗೆ. ಮೂರನೆಯದನ್ನು ಮೇಷ್ಟರು ತಮ್ಮ ಮಾರ್ಗದರ್ಶಕರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ಅದನ್ನು ಕಳಿಸಲೇಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಇನ್‌ಸ್ಪೆಕ್ಟರು ಪತ್ರವನ್ನು ಎರಡು ಸಲ ಓದಿ ಫೈಲಿಗೆ ಹಾಕಿದರು. ಆದರೆ ಡಬ್ಬ ಆಗಲೇ ದೊಡ್ಡ ಪ್ರಯೋಗಾಲಯಕ್ಕೆ ಹೋಗಿತ್ತು. ಹೋದದ್ದರ ವರದಿ ಬರದೆ ಫೈಲು ಮುಚ್ಚುವಂತಿಲ್ಲ ಎಂದು ಮೇಲಿನವರು ಬರೆದರು. ಬಣ್ಣದವರು ಮತ್ತೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತರು. ನಾನು ತಿದ್ದುಪಡಿ ಕಳಿಸಿದೆ, ಎಂಟು ಸಾಲು. ಕಡಲೆಕಾಯಿ ಧಾರಣೆಯ ಕೆಳಗೆ ಮೂರು ಸಾಲು ಬಂತು. ಆ ದಿನದ ಪತ್ರಿಕೆಯನ್ನು ಚಹಾ ಅಂಗಡಿಯಲ್ಲಿ ಬೆಂಚಿನ ಮೇಲೆ ಆ ಪುಟ ಮೇಲೆ ಬರುವಂತೆ ಮಡಿಸಿಟ್ಟು ಬಂದೆ. ಸಂಜೆ ಹೋದಾಗ ಅದರಲ್ಲಿ ಬೋಂಡಾ ಕಟ್ಟುತ್ತಿದ್ದರು.

ಮಾರ್ಚ್ ಮೂವತ್ತೊಂದಕ್ಕೆ ವರದಿ ಬಂದಿರಲಿಲ್ಲ. ಟೈಪಿಸ್ಟ್ ಜಾಗ ಪಟ್ಟಿಯಲ್ಲಿ ಮುಂದಿದ್ದವರಿಗೆ ಹೋಯಿತು.

ಮೇಷ್ಟರ ನೋಂದಣಿಯ ಅವಧಿ ಅದೇ ವರ್ಷ ಡಿಸೆಂಬರಿನಲ್ಲಿ ಮುಗಿಯಿತು. ಅವರು ಮುಂದುವರಿಕೆಗೆ ಅರ್ಜಿ ಹಾಕಲಿಲ್ಲ. ಉಳಿದ ಕಾಗದಗಳನ್ನು ಬಿ.ಎಸ್ಸಿ. ತರಗತಿಗೆ ತೋರಿಸಲು ಬಳಸುತ್ತಿದ್ದರು. ಮೊದಲು ಅರಿಶಿನ, ಆಮೇಲೆ ಎದುರಿನ ಕೊಟ್ಟಿಗೆಯಿಂದ ತರಿಸಿದ ಒಂದು ಎಳೆ ಹಳದಿ ರೇಷ್ಮೆ.

2008ರಲ್ಲಿ ಬಣ್ಣದವರ ಮಗಳು ಮತ್ತೆ ಪರೀಕ್ಷೆ ಬರೆದಳು. ಮತ್ತೆ ಆಯ್ಕೆಯಾದಳು. ಆಗ ಸ್ಟೇಷನ್ನಿಗೆ ಬೇರೆ ಇನ್‌ಸ್ಪೆಕ್ಟರು ಬಂದಿದ್ದರು. ಅವರು ಫೈಲಿನಲ್ಲಿದ್ದ ಮೇಷ್ಟರ ಪತ್ರವನ್ನು ಆಧಾರ ಮಾಡಿ ಆಕ್ಷೇಪಣೆ ಇಲ್ಲ ಎಂದು ಬರೆದರು. ಅವಳಿಗೆ ಕಲ್ಯಾಣದುರ್ಗದ ಕೋರ್ಟಿಗೆ ಆದೇಶ ಬಂತು. ಸೇರುವ ದಿನ ಅಪ್ಪ ಮಗಳು ಆರು ಗಂಟೆಯ ಬಸ್ಸಿಗೆ ಹೋದರು. ಬಣ್ಣದವರು ಬಸ್ಸಿನ ಕಿಟಕಿಯಿಂದ ಬಲಗೈ ಬೀಸಿದರು.

ಹಳದಿ ಡಬ್ಬದ ವರದಿ 2009ರ ಆಗಸ್ಟಿನಲ್ಲಿ ಸ್ಟೇಷನ್ನಿಗೆ ಬಂತು. ಅದರಲ್ಲಿ ಒಂದು ಸಾಲು ಇತ್ತು: ರೇಷ್ಮೆಗೆ ಹಾಕುವ ಬಣ್ಣ, ಸ್ಫೋಟಕವಲ್ಲ.